ಪತ್ತೇದಾರಿ ತರಬೇತಿ: ಫೀ ಕಟ್ಟುವ ಮೊದಲು ನೋಡಬೇಕಾದ ಕಾಗದಪತ್ರ

ಕಲಬುರಗಿ ನಗರದ ಕೋಟನೂರ ಕಡೆಯ ಬಡಾವಣೆಯಲ್ಲಾಗಲಿ, ಕಮಲಾಪುರದ ಹಳ್ಳಿಯಲ್ಲಾಗಲಿ, ಡಿಗ್ರಿ ಮುಗಿಸಿ ಕೆಲಸ ಹುಡುಕುವ ಹುಡುಗರ ಮೊಬೈಲಿಗೆ ಈಚೆಗೆ ಒಂದು ಬಗೆಯ ಜಾಹೀರಾತು ಬರುತ್ತದೆ. ಖಾಸಗಿ ಪತ್ತೇದಾರರಾಗಿ, ಇಷ್ಟು ದಿನದ ತರಬೇತಿ, ಸರ್ಕಾರಿ ಮಾನ್ಯತೆ ಪಡೆದ ಸರ್ಟಿಫಿಕೇಟ್, ಗುರುತಿನ ಚೀಟಿ, ಲೈಸೆನ್ಸ್, ಜೊತೆಗೆ ಕೆಲಸ ಖಾತ್ರಿ. ಫೀ ಮೊದಲು ಸಣ್ಣದಾಗಿ ಕಾಣುತ್ತದೆ. ಆಮೇಲೆ ಕಿಟ್, ಐಡಿ ಕಾರ್ಡ್, ಪರೀಕ್ಷಾ ಶುಲ್ಕ, ನವೀಕರಣ ಎಂದು ಒಂದೊಂದೇ ಸೇರುತ್ತ ಹೋಗುತ್ತದೆ.

ಇಂಥ ಜಾಹೀರಾತಿಗೆ ಈ ಭಾಗದಲ್ಲಿ ಗಿರಾಕಿ ಸಿಗುವುದಕ್ಕೆ ಕಾರಣವಿದೆ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯ ಅಕ್ರಮ ದೊಡ್ಡದಾಗಿ ಬಯಲಾದದ್ದು ಕಲಬುರಗಿಯ ಒಂದು ಪರೀಕ್ಷಾ ಕೇಂದ್ರದಿಂದಲೇ. 54 ಸಾವಿರಕ್ಕೂ ಹೆಚ್ಚು ಮಂದಿ ಬರೆದ ಪರೀಕ್ಷೆ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆಯುವಷ್ಟರಲ್ಲಿ 2024ರ ಜನವರಿ ಬಂತು. ಹಣ ಕೊಡದೆ, ರಾತ್ರಿ ಹಗಲು ಓದಿ ಬರೆದ ಹುಡುಗರಿಗೂ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಕೈಬಿಟ್ಟು ಹೋಯಿತು. ಪೊಲೀಸ್ ಆಗುವ ಕನಸು ಹಾಗೇ ಉಳಿದವನಿಗೆ 'ಡಿಟೆಕ್ಟಿವ್ ಆಫೀಸರ್' ಎಂಬ ಹೆಸರೇ ಅರ್ಧ ಸಮಾಧಾನ ಕೊಡುತ್ತದೆ. ಜಾಹೀರಾತು ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು.

ಮೊದಲು ತಿಳಿಯಬೇಕಾದ ಮಾತು ಇದು: ಭಾರತದಲ್ಲಿ ಖಾಸಗಿ ಪತ್ತೇದಾರರಿಗೆ ಲೈಸೆನ್ಸ್ ಕೊಡುವ ಕಾನೂನೇ ಇಲ್ಲ. 2007ರಲ್ಲಿ ಖಾಸಗಿ ಪತ್ತೇದಾರಿ ಸಂಸ್ಥೆಗಳ ನಿಯಂತ್ರಣ ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾಯಿತು. ಕೇಂದ್ರಕ್ಕೊಂದು, ರಾಜ್ಯಕ್ಕೊಂದು ಮಂಡಳಿ, ಅವುಗಳ ಮೂಲಕ ಲೈಸೆನ್ಸ್ ಎಂಬುದು ಅದರ ವಿಚಾರ. ಸ್ಥಾಯಿ ಸಮಿತಿಗೆ ಹೋಯಿತು, ವರದಿಯೂ ಬಂತು, ಕಾನೂನು ಮಾತ್ರ ಆಗಲಿಲ್ಲ. ಕೊನೆಗೆ ಮಸೂದೆಯನ್ನೇ ಹಿಂಪಡೆದರು. ಹಾಗಾದ ಮೇಲೆ 'ಸರ್ಕಾರಿ ಡಿಟೆಕ್ಟಿವ್ ಲೈಸೆನ್ಸ್ ಕೊಡಿಸುತ್ತೇವೆ' ಎನ್ನುವವನು ಇಲ್ಲದ ಮಾಲಿಗೆ ಮುಂಗಡ ಕೇಳುತ್ತಿದ್ದಾನೆ ಎಂದೇ ಲೆಕ್ಕ. ಲೈಸೆನ್ಸ್ ಇಲ್ಲ ಎಂದರೆ ಕೆಲಸ ಮಾಡಬಾರದು ಎಂದಲ್ಲ. ಆ ಕೆಲಸಕ್ಕೆ ಯಾವ ತರಬೇತಿಯೂ ಕಡ್ಡಾಯವಲ್ಲ, ಯಾವ ಸರ್ಟಿಫಿಕೇಟಿಗೂ ಕಾನೂನಿನ ಬಲವಿಲ್ಲ ಎಂದಷ್ಟೆ.

ಕೆಲವರು ನಿಜವಾದ ಲೈಸೆನ್ಸ್ ಒಂದನ್ನು ಗೋಡೆಗೆ ತೂಗು ಹಾಕಿರುತ್ತಾರೆ. ಅದು ಸಾಮಾನ್ಯವಾಗಿ 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯಿದೆಯದು. ಆ ಕಾಯಿದೆ ಇರುವುದು ಜನರನ್ನೂ ಆಸ್ತಿಯನ್ನೂ ಕಾಯುವ ಸೆಕ್ಯುರಿಟಿ ಗಾರ್ಡ್ ಕೆಲಸಕ್ಕೆ. ಪತ್ತೇದಾರಿಕೆಗೆ ಅದಕ್ಕೂ ಸಂಬಂಧವಿಲ್ಲ. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಹೊಸ ಗಾರ್ಡ್‌ಗೆ ಕನಿಷ್ಠ 100 ಗಂಟೆ ತರಗತಿ, 60 ಗಂಟೆ ಮೈದಾನದ ತರಬೇತಿ, ಅದೂ ಕನಿಷ್ಠ 20 ಕೆಲಸದ ದಿನಗಳಲ್ಲಿ ಆಗಬೇಕು. ಗೇಟು ಕಾಯುವವನಿಗೇ ಇಷ್ಟು ಬೇಕಾದರೆ, ಎರಡು ಭಾನುವಾರದ ಆನ್‌ಲೈನ್ ಪಾಠದಲ್ಲಿ ಪತ್ತೇದಾರ ತಯಾರಾಗುವುದು ಹೇಗೆ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈ ವೃತ್ತಿಗೆ ನಿಜವಾಗಿಯೂ ಲೈಸೆನ್ಸ್ ಇದೆ. ಅಲ್ಲಿ ಸಾಮಾನ್ಯವಾಗಿ ಮೂರು ವರ್ಷದ, ಅಂದರೆ 6,000 ಗಂಟೆಗಳ ಸಂಬಳದ ಕೆಲಸದ ಅನುಭವ ಕೇಳಿ, ಆಮೇಲೆ ಪರೀಕ್ಷೆ ಬರೆಸುತ್ತಾರೆ.

ಇನ್ನು 'ಸರ್ಕಾರಿ ನೋಂದಾಯಿತ' ಎಂಬ ಮಾತು. ಅಂಗಡಿ ನಡೆಸುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಮಕ್ಕಳ ವಿಷಯ ಬಂದಾಗ ಮರೆತುಬಿಡುತ್ತಾರೆ. ಉದ್ಯಮ್ ನೋಂದಣಿ ಪುಕ್ಕಟೆ. ತಾನೇ ಬರೆದುಕೊಟ್ಟ ವಿವರದ ಮೇಲೆ ಸಿಗುತ್ತದೆ. ಜಿಎಸ್‌ಟಿ ನಂಬರು ತೆರಿಗೆ ಕಟ್ಟಲಿಕ್ಕೆ. ಕಂಪನಿ ನೋಂದಣಿ ಎಂದರೆ ಆ ಹೆಸರಿನ ಕಂಪನಿ ಇದೆ ಎಂಬುದಕ್ಕೆ ಸಾಕ್ಷಿ. ಐಎಸ್‌ಒ 9001 ಕಚೇರಿ ನಡೆಸುವ ಪದ್ಧತಿಗೆ ಸಂಬಂಧಿಸಿದ್ದು. ಇವುಗಳಲ್ಲಿ ಒಂದೂ ಪಾಠದ ಗುಣಮಟ್ಟವನ್ನು ಸರ್ಕಾರ ನೋಡಿ ಒಪ್ಪಿದೆ ಎಂದು ಹೇಳುವುದಿಲ್ಲ. ಕಿರಾಣಿ ಅಂಗಡಿಗೂ ಈ ಕಾಗದಗಳಿರುತ್ತವೆ. ಕಲಬುರಗಿ ತೊಗರಿಬೇಳೆಗೆ, ಕಮಲಾಪುರದ ಕೆಂಪು ಬಾಳೆಗೆ ಜಿಐ ಮಾನ್ಯತೆ ಇದೆ ಎಂದರೆ ಆ ದಾಖಲೆಯನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ಹಾಗೆಯೇ ಮಾನ್ಯತೆ ಎಂದವರನ್ನು ಯಾವ ಇಲಾಖೆ, ಯಾವ ಆದೇಶ, ಯಾವ ತಾರೀಖು ಎಂದು ಕೇಳಬೇಕು. ಡಿಪ್ಲೊಮಾ, ಪದವಿ ಎಂದರೆ ಯಾವ ವಿಶ್ವವಿದ್ಯಾಲಯದ್ದು ಎಂದು ಕೇಳಿ, ಯುಜಿಸಿ ಪಟ್ಟಿಯಲ್ಲಿ ಹೆಸರು ನೋಡಬೇಕು. ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಗೋಕಾಕದ ಒಂದು ಹೆಸರು ವರ್ಷಗಟ್ಟಲೆ ಇತ್ತು. ದೂರದ ದೆಹಲಿಯಲ್ಲಿ ಮಾತ್ರ ಹೀಗಾಗುತ್ತದೆ ಎಂದು ತಿಳಿಯಬಾರದು.

ಗಂಜಿನಲ್ಲಿ ತೊಗರಿ ಕೊಳ್ಳುವವ ಚೀಲಕ್ಕೆ ಕೈ ಹಾಕಿ ಕಾಳು ತೆಗೆದು ನೋಡದೆ ದರ ಮಾತಾಡುವುದಿಲ್ಲ. ಇಲ್ಲಿಯೂ ನೋಡುವ ಕಾಳು ಇದೆ. ಪಾಠ ಹೇಳುವವನ ಹೆಸರೇನು, ಅವನು ಎಲ್ಲಿ ಎಷ್ಟು ವರ್ಷ ತನಿಖೆಯ ಕೆಲಸ ಮಾಡಿದ್ದಾನೆ? ಹೋದ ವರ್ಷ ಕಲಿತವರಲ್ಲಿ ಇಬ್ಬರೊಡನೆ ಮಾತಾಡಿಸುತ್ತಾರೆಯೇ? ಪಠ್ಯದಲ್ಲಿ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ, ಸಾಕ್ಷ್ಯ ಅಧಿನಿಯಮ ಇವೆಯೇ, ಅಥವಾ ಇನ್ನೂ ಹಳೆಯ ಐಪಿಸಿ ಪುಸ್ತಕವನ್ನೇ ಜೆರಾಕ್ಸ್ ಮಾಡಿ ಕೊಡುತ್ತಾರೆಯೇ? ಹಣ ಕಂಪನಿಯ ಖಾತೆಗೆ ಹೋಗುತ್ತದೆಯೋ, ಒಬ್ಬ ವ್ಯಕ್ತಿಯ ಯುಪಿಐಗೋ? ರಸೀದಿಯ ಮೇಲಿನ ಜಿಎಸ್‌ಟಿ ನಂಬರನ್ನು ಪೋರ್ಟಲಿನಲ್ಲಿ ಹಾಕಿದರೆ ಅದೇ ಹೆಸರು ಬರುತ್ತದೆಯೇ? ಇವಕ್ಕೆ ಉತ್ತರ ಕೊಡದೆ 'ಇವತ್ತೇ ಕಟ್ಟಿದರೆ ಅರ್ಧ ಫೀ' ಎಂದರೆ ಫೋನ್ ಇಡುವುದೇ ಲೇಸು. ಮೂಲ ಅಂಕಪಟ್ಟಿಯನ್ನಂತೂ ಯಾರ ಕೈಗೂ ಕೊಡಬಾರದು.

ಎರಡು ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಒಂದು, ಕಂತಿನ ಫೀ. ಹೆಸರಿಗೆ ಕಂತು ಎಂದರೂ ಕೆಲವು ಕಡೆ ಅದು ಹುಡುಗನ ಹೆಸರಿನಲ್ಲಿ ಫೈನಾನ್ಸ್ ಕಂಪನಿಯ ಸಾಲ. ತರಬೇತಿ ಕೇಂದ್ರ ಬಾಗಿಲು ಹಾಕಿದರೂ ಸಾಲದ ಕಂತು ನಿಲ್ಲುವುದಿಲ್ಲ, ಸಿಬಿಲ್ ಕೆಡುತ್ತದೆ, ನಾಳೆ ಅದೇ ಹುಡುಗ ಅಂಗಡಿ ಇಡಲು ಸಾಲ ಕೇಳಿದರೆ ಬ್ಯಾಂಕು ಇದನ್ನೇ ತೋರಿಸುತ್ತದೆ. ಇನ್ನೊಂದು, 'ಜಿಲ್ಲಾ ಮುಖ್ಯಸ್ಥ' ಹುದ್ದೆ. ಇನ್ನೂ ಹತ್ತು ಜನರನ್ನು ಸೇರಿಸಿದರೆ ಕಮಿಷನ್ ಎನ್ನುವಾಗ ಅಲ್ಲಿ ಪತ್ತೇದಾರಿಕೆ ಮುಗಿದು ಚೈನ್ ವ್ಯವಹಾರ ಶುರುವಾಗಿರುತ್ತದೆ. ಸೇರಿಸುವುದು ನೆಂಟರನ್ನೂ ಬಸದಿಯಲ್ಲಿ ಸಿಗುವ ಪರಿಚಯದವರನ್ನೂ. ನಮ್ಮದು ಸಣ್ಣ ಸಮಾಜ; ಹೀಗೆ ಕೆಟ್ಟ ಸಂಬಂಧ ಮತ್ತೆ ಸರಿಹೋಗಲು ವರ್ಷಗಳು ಬೇಕು.

ಹೋದ ಹಣಕ್ಕಿಂತ ದೊಡ್ಡ ಅಪಾಯ ಐಡಿ ಕಾರ್ಡಿನಲ್ಲಿದೆ. ಸಿಂಹಲಾಂಛನ ಹಾಕಿದ ಕಾರ್ಡು ತೋರಿಸಿದರೆ 2005ರ ರಾಷ್ಟ್ರಲಾಂಛನ ದುರ್ಬಳಕೆ ನಿಷೇಧ ಕಾಯಿದೆಯಡಿ ಎರಡು ವರ್ಷದವರೆಗೆ ಜೈಲಾಗಬಹುದು. ಅದೇ ಕಾರ್ಡಿನಿಂದ ಸರ್ಕಾರಿ ಅಧಿಕಾರಿಯಂತೆ ನಟಿಸಿದರೆ ನ್ಯಾಯ ಸಂಹಿತೆಯ 204ನೇ ಸೆಕ್ಷನ್ ಕಾದಿದೆ: ಕಡಿಮೆ ಎಂದರೆ ಆರು ತಿಂಗಳು, ಹೆಚ್ಚೆಂದರೆ ಮೂರು ವರ್ಷ. ಕಾರ್ಡು ಮಾರಿದವನಿಗಿಂತ ಮೊದಲು ಸಿಕ್ಕಿಬೀಳುವುದು ಅದನ್ನು ಜೇಬಿನಲ್ಲಿ ಇಟ್ಟುಕೊಂಡ ಹುಡುಗ.

'ಮೊಬೈಲ್ ಕರೆ ವಿವರ ತೆಗೆಯುವುದನ್ನು ಕಲಿಸುತ್ತೇವೆ' ಎಂಬ ಆಸೆಯೂ ಹಾಗೆಯೇ. 2018ರಲ್ಲಿ ಥಾಣೆ ಪೊಲೀಸರು ಕರೆ ವಿವರಗಳ ಮಾರಾಟದ ಜಾಲ ಹಿಡಿದಾಗ ಹಲವು ಖಾಸಗಿ ಪತ್ತೇದಾರರು ಬಂಧನಕ್ಕೊಳಗಾದರು. 2024ರಲ್ಲಿ ಬೆಂಗಳೂರಿನ ಸಿಸಿಬಿಯೂ ಇದೇ ಆರೋಪದ ಮೇಲೆ ಪತ್ತೇದಾರಿ ಸಂಸ್ಥೆಗಳಿಗೆ ಸೇರಿದವರನ್ನು ಹಿಡಿಯಿತು. 2023ರ ದೂರಸಂಪರ್ಕ ಕಾಯಿದೆ ಇಂಥ ಮಾಹಿತಿಯನ್ನು ಅಕ್ರಮವಾಗಿ ಪಡೆಯುವುದಕ್ಕೆ ಮೂರು ವರ್ಷದವರೆಗೆ ಜೈಲು, ಎರಡು ಕೋಟಿ ರೂಪಾಯಿವರೆಗೆ ದಂಡ ಇಟ್ಟಿದೆ. ಹೆಣ್ಣುಮಗಳೊಬ್ಬಳನ್ನು ಆಕೆ ಬೇಡವೆಂದರೂ ಬೆನ್ನಟ್ಟುವುದು ಸೆಕ್ಷನ್ 78ರ ಅಪರಾಧ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತಲ್ಲ, ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪತ್ತೇದಾರನಿಗೆ ಸಾಮಾನ್ಯ ನಾಗರಿಕನಿಗಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಿನ ಅಧಿಕಾರವಿಲ್ಲ ಎಂಬುದನ್ನು ಮೊದಲ ದಿನ ಹೇಳಿಕೊಡದ ತರಬೇತಿ ತರಬೇತಿಯೇ ಅಲ್ಲ. ಸುಳ್ಳು ಹೆಸರು ಹೇಳಿ ಮಾಹಿತಿ ತೆಗೆಯುವುದೇ ಕಲೆ ಎಂದು ಕಲಿಸುವ ಕಡೆಗೆ ಸತ್ಯಾಣುವ್ರತದ ಮನೆಯಿಂದ ಮಕ್ಕಳನ್ನು ಕಳಿಸುವುದು ಹೇಗೆ ಎಂಬುದು ಬೇರೆ ಪ್ರಶ್ನೆ.

ಕೆಲಸ ಇಲ್ಲವೇ ಇಲ್ಲ ಎಂದಲ್ಲ. ಮದುವೆ ಸಂಬಂಧದ ವಿಚಾರಣೆ, ನೌಕರಿಗೆ ಸೇರುವವರ ಹಿನ್ನೆಲೆ ಪರಿಶೀಲನೆ, ನಕಲಿ ಮಾಲಿನ ಪತ್ತೆ, ವಿಮೆ ಕ್ಲೇಮಿನ ತನಿಖೆ, ಇವೆಲ್ಲ ನಡೆಯುತ್ತಿವೆ. ಹೆಚ್ಚಿನವರು ಇದನ್ನು ಕಲಿತದ್ದು ಯಾವುದಾದರೂ ಸಂಸ್ಥೆಯಲ್ಲಿ ಕಡಿಮೆ ಸಂಬಳಕ್ಕೆ ಸೇರಿ, ವಿಳಾಸ ಹುಡುಕಿ, ವರದಿ ಬರೆದು. ಕೆಲಸ ಕಲಿಸುವ ಮಾಲೀಕ ಸಂಬಳ ಕೊಡಬೇಕೇ ಹೊರತು ಫೀ ತೆಗೆದುಕೊಳ್ಳಬಾರದು ಎಂಬ ಅಂಗಡಿ ಬೀದಿಯ ರೂಢಿ ಇಲ್ಲಿಗೂ ಸಲ್ಲುತ್ತದೆ. ಓದಿಯೇ ಹೋಗಬೇಕೆಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವಿದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಕೂಡ ಅದೇ ಊರಿಗೆ ಬಂದಿದೆ. ವಿಮೆಯ ಕಡೆ ಒಲವಿದ್ದರೆ ಸರ್ವೇಯರ್ ವೃತ್ತಿಗೆ ಐಆರ್‌ಡಿಎಐ ಕೊಡುವ ನಿಜವಾದ ಲೈಸೆನ್ಸ್ ಇದೆ. ಕಾನೂನು ಪದವಿ, ಲೆಕ್ಕಪತ್ರದ ಓದು ಎರಡೂ ಈ ಕೆಲಸಕ್ಕೆ ಒದಗುತ್ತವೆ, ಈ ಕೆಲಸ ಸಿಗದಿದ್ದರೂ ಹೊಟ್ಟೆ ತುಂಬಿಸುತ್ತವೆ.

ಈಗಾಗಲೇ ಹಣ ಕಟ್ಟಿದವರು ನಾಚಿಕೆಯಿಂದ ಸುಮ್ಮನಿರುವುದೇ ಮೋಸಗಾರರಿಗೆ ಲಾಭ. ಮಗನನ್ನು ಬೈಯುವುದು ನಾಳೆಗೂ ಇರಲಿ, ಮೊದಲು 1930ಕ್ಕೆ ಫೋನ್ ಮಾಡಬೇಕು. ಆನ್‌ಲೈನಿನಲ್ಲಿ ಹೋದ ಹಣವನ್ನು ಬೇಗ ತಿಳಿಸಿದಷ್ಟೂ ತಡೆಹಿಡಿಯುವ ಅವಕಾಶ ಹೆಚ್ಚು. ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸ್‌ಆ್ಯಪ್ ಮಾತುಕತೆ, ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್ ಒಂದು ಫೈಲಿನಲ್ಲಿ ಇಡಬೇಕು. ಸುಳ್ಳು ಹೇಳಿ ಹಣ ಪಡೆದಿದ್ದರೆ ಠಾಣೆಯಲ್ಲಿ ವಂಚನೆಯ ದೂರು ಕೊಡಬಹುದು. ಹೇಳಿದ ಸೇವೆ ಕೊಡದಿದ್ದರೆ 1915ರ ಗ್ರಾಹಕ ಸಹಾಯವಾಣಿಯಿಂದ ಶುರುಮಾಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು; ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಅರ್ಜಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ವಕೀಲರ ಖರ್ಚಿಗೆ ಹೆದರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ. ಅದರ ಸಹಾಯವಾಣಿ 15100.