ಗಾಳಿ ಯಾರದು? ಗಂಟು ಯಾರಿಗೆ?

ಊರಿನ ಗೋಮಾಳದಲ್ಲಿ ಕೊಟ್ಟಿಗೆ ಕಟ್ಟಿಕೊಳ್ಳಲು ಒಬ್ಬ ಸಾಹುಕಾರನಿಗೆ ಪಂಚಾಯಿತಿಯವರು ಪುಕ್ಕಟೆ ಅಪ್ಪಣೆ ಕೊಟ್ಟರೆನ್ನೋಣ. ಆತ ಅಲ್ಲಿ ನಲವತ್ತು ವರ್ಷ ಹಾಲು ಮಾರಿ ಹಣ ಮಾಡಿದ. ಮುಂದೆ ಆ ಜಾಗ ಊರಿಗೆ ಬೇಕಾದಾಗ, "ಬಿಡುತ್ತೇನೆ, ಎಷ್ಟು ಕೊಡುತ್ತೀರಿ?" ಎಂದು ಕೇಳಿದರೆ ಊರವರು ಏನೆಂದಾರು? ಇದೇ ಮಾತನ್ನು ಅಮೆರಿಕದ ಟೆಲಿವಿಷನ್ ಮಾಲೀಕರು ಕೇಳಿದರು. ಸರ್ಕಾರ ಕೈಮುಗಿದು ಥೈಲಿ ಬಿಚ್ಚಿತು!

ಅಲ್ಲಿನ 1934ರ ಕಾಯಿದೆಯ ಪ್ರಕಾರ ಪರವಾನೆ ಪಡೆದವನಿಗೆ ಆಕಾಶತರಂಗವನ್ನು ಬಳಸುವ ಹಕ್ಕುಂಟೇ ಹೊರತು ಒಡೆತನವಿಲ್ಲ. ಆದರೂ 2016ರ ಮಾರ್ಚಿಯಲ್ಲಿ ಹರಾಜು ಹೂಡಿದರು. ಟೀವಿಯ ತರಂಗಗಳು ದೂರ ಸಾಗುತ್ತವೆ, ಗೋಡೆಯೊಳಗೂ ನುಗ್ಗುತ್ತವೆ, ಕಡಿಮೆ ಗೋಪುರಗಳಲ್ಲಿ ಹೆಚ್ಚು ನೆಲ ಮುಚ್ಚುತ್ತವೆ. ಆದ್ದರಿಂದ ಮೊಬೈಲ್ ಕಂಪನಿಗಳಿಗೆ ಅವುಗಳ ಮೇಲೆ ಕಣ್ಣು.

ಅಡತಿ ಅಂಗಡಿಯ ಸವಾಲನ್ನು ಬಲ್ಲ ನಮ್ಮ ವ್ಯಾಪಾರಿ ಬಂಧುಗಳಿಗೆ ಈ ಹರಾಜು ವಿಚಿತ್ರವೆನಿಸೀತು. ಮೊದಲು ಟೀವಿ ಮಾಲೀಕರಿಗೆ ಇಳಿಯುವ ಸವಾಲು: ಎಷ್ಟಕ್ಕೆ ಬಿಡುತ್ತೀರಿ? ಬಳಿಕ ಮೊಬೈಲ್ ಕಂಪನಿಗಳಿಗೆ ಏರುವ ಸವಾಲು: ಎಷ್ಟಕ್ಕೆ ಕೊಳ್ಳುತ್ತೀರಿ? ಮೊದಲ ಸುತ್ತಿನಲ್ಲಿ ಮಾಲೀಕರ ಬೇಡಿಕೆ 8,640 ಕೋಟಿ ಡಾಲರ್ ಮುಟ್ಟಿತು! ಅಷ್ಟನ್ನು ಕೊಡುವವರಿಲ್ಲದೆ ನಾಲ್ಕನೆಯ ಸುತ್ತಿನವರೆಗೆ ಚೌಕಾಸಿ ನಡೆದು, 2017ರಲ್ಲಿ ಮುಗಿಯಿತು. ಬಂದದ್ದು 1,980 ಕೋಟಿ ಡಾಲರ್. ಅದರಲ್ಲಿ 1,005 ಕೋಟಿ, ಎಂದರೆ ಅರ್ಧಕ್ಕಿಂತ ಹೆಚ್ಚು, 175 ಟೀವಿ ಕೇಂದ್ರಗಳ ಪಾಲಾಯಿತು.

"ಅದು ಬೊಕ್ಕಸದ ಹಣವಲ್ಲ, ಕಂಪನಿಗಳು ಕೊಟ್ಟದ್ದು" ಎನ್ನುವ ಪಂಡಿತರಿದ್ದಾರೆ. ಸ್ವಾಮಿ, ಜನರ ಸ್ವತ್ತಿನ ಬೆಲೆ ಜನರದ್ದೇ ಅಲ್ಲವೆ? ಇಂದಿನ ಮಾಲೀಕರಲ್ಲಿ ಹಲವರು ಹಿಂದಿನವರಿಂದ ಕೇಂದ್ರಗಳನ್ನು ಹಣ ಕೊಟ್ಟು ಕೊಂಡವರು, ನಿಜ. ಮಾರಿದವನಿಗೆ ತರಂಗ ತನ್ನದಾಗಿತ್ತೆ?

ನ್ಯೂಜೆರ್ಸಿ ರಾಜ್ಯದ ಕಥೆ ಇನ್ನೂ ಕೆಟ್ಟದು. ಅಲ್ಲಿ ಮಾರಿದ್ದು ಸಾರ್ವಜನಿಕ ಟೀವಿಯ ತರಂಗಗಳನ್ನೇ. ಬಂದದ್ದು ಸುಮಾರು 33 ಕೋಟಿ ಡಾಲರ್. ಸ್ಥಳೀಯ ಸುದ್ದಿಗಾಗಿ ಜನ ಹೋರಾಡಿದ ಮೇಲೆ 2018ರಲ್ಲಿ ಒಪ್ಪಿದ್ದು 50 ಲಕ್ಷ!

ಇನ್ನು ಸಣ್ಣವರ ಗತಿ? ಅದೇ ತರಂಗಗಳಲ್ಲಿ ನಾಟಕಮಂದಿರ, ಶಾಲೆ, ಚರ್ಚುಗಳ ತಂತಿಯಿಲ್ಲದ ಮೈಕುಗಳು ನಡೆಯುತ್ತಿದ್ದವು. 2020ರ ಜುಲೈ 13ರೊಳಗೆ ಅವನ್ನು ನಿಲ್ಲಿಸಬೇಕೆಂದು ಆಜ್ಞೆಯಾಯಿತು. ಪರಿಹಾರ? ಚಿಕ್ಕಾಸಿಲ್ಲ.

ಇದು ನಮಗೇಕೆ ಎನ್ನಬೇಡಿ. ಆಕಾಶತರಂಗ ಸಾರ್ವಜನಿಕ ಸ್ವತ್ತೆಂದು ನಮ್ಮ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಗೋಪುರದಿಂದ ಟೀವಿ ಬಿತ್ತರಿಸಲು ಖಾಸಗಿಯವರಿಗೆ ಇಲ್ಲಿ ಅವಕಾಶವಿಲ್ಲದ್ದರಿಂದ ಪರಿಹಾರ ಕೇಳುವ ಸಾಹುಕಾರನಿಲ್ಲ, ಅಷ್ಟೇ ಪುಣ್ಯ. ಆದರೆ 700 ಮೆಗಾಹರ್ಟ್ಸ್ ತರಂಗದ ವ್ಯಾಪಾರ ನೋಡಿ. 2016ರಲ್ಲಿ ಒಂದು ಮೆಗಾಹರ್ಟ್ಸಿಗೆ 11,485 ಕೋಟಿ ರೂಪಾಯಿ ಎಂದರು. ಗಿರಾಕಿಗಳು ಬಾಯಿ ಬಿಡಲಿಲ್ಲ. 2022ರಲ್ಲಿ ಅದನ್ನೇ 3,927 ಕೋಟಿಗೆ ಇಳಿಸಿದಾಗ ಕೊಂಡದ್ದು ಜಿಯೋ ಒಂದೇ. ಕಾದು ಕುಳಿತವನಿಗೆ ಮೂರನೆಯ ಒಂದು ಬೆಲೆ! 2024ರ ಜುಲೈಯಲ್ಲಿ ಮೂರೂ ದೊಡ್ಡ ಖಾಸಗಿ ಕಂಪನಿಗಳು ದರ ಏರಿಸಿದವು. ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಪಾಳಿ ಮುಗಿಸಿ ಮನೆಗೆ ಫೋನ್ ಮಾಡುವ ಮಿಲ್ ಕೆಲಸಗಾರನೂ, ಫೋನಿನಲ್ಲೇ ಹಣ ಪಡೆಯುವ ಅಂಗಡಿಯವನೂ ತೆತ್ತರು.

ನಮ್ಮ ಬೇಡಿಕೆ ಇಷ್ಟು. ತರಂಗವನ್ನು ಗೇಣಿಗೆ ಕೊಡಲಿ. ಬಳಸದೆ ಕೂಡಿಟ್ಟವನಿಂದ ಪರಿಹಾರವಿಲ್ಲದೆ ಕಿತ್ತುಕೊಳ್ಳಲಿ. ಬಂದ ಗೇಣಿಯಲ್ಲಿ ಒಂದು ಪಾಲು ಆಕಾಶವಾಣಿ, ದೂರದರ್ಶನಗಳಿಗೆ ಸಲ್ಲಲಿ. ದರ ಏರಿಸುವ ಮುನ್ನ ಪ್ರತಿ ಜಿಲ್ಲೆಯಲ್ಲೂ ಬಹಿರಂಗ ವಿಚಾರಣೆ ನಡೆಯಲಿ.