ಸೇಂಟ್ ಹೆಲೆನಾ ದ್ವೀಪದ ಮಂಜಿನ ಕಾಡು: ಪುನರುಜ್ಜೀವನದ ಪ್ರಯತ್ನ ಮತ್ತು ಅದರ ಪಾಠ

ಪೀಠಿಕೆ

ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ, ಆಫ್ರಿಕಾದ ಪಶ್ಚಿಮ ಕರಾವಳಿಯಿಂದ ಸುಮಾರು 1,900 ಕಿಲೋಮೀಟರ್ ದೂರದಲ್ಲಿ ಸೇಂಟ್ ಹೆಲೆನಾ ಎಂಬ ಪುಟ್ಟ ದ್ವೀಪವಿದೆ. ಇದರ ವಿಸ್ತೀರ್ಣ ಸುಮಾರು 122 ಚದರ ಕಿಲೋಮೀಟರ್. ಜನಸಂಖ್ಯೆ ಐದು ಸಾವಿರಕ್ಕಿಂತ ಕಡಿಮೆ. ನೆಪೋಲಿಯನ್ ಬೋನಪಾರ್ಟೆಯು 1815ರಿಂದ 1821ರಲ್ಲಿ ಮರಣ ಹೊಂದುವವರೆಗೆ ಇಲ್ಲಿಯೇ ಸೆರೆಯಲ್ಲಿದ್ದನೆಂಬ ಕಾರಣಕ್ಕೆ ಈ ದ್ವೀಪದ ಹೆಸರು ಜಗತ್ತಿಗೆ ಪರಿಚಿತವಾಗಿದೆ. ಇತ್ತೀಚಿನ ವರ್ಷಗಳಲ್ಲಿ ಈ ಹೆಸರು ಬೇರೊಂದು ಕಾರಣಕ್ಕಾಗಿ ಪರಿಸರ ತಜ್ಞರ ಗಮನ ಸೆಳೆಯುತ್ತಿದೆ. ದ್ವೀಪದ ನಡುಬೆಟ್ಟಗಳ ನೆತ್ತಿಯ ಮೇಲೆ ಉಳಿದಿರುವ ಅಲ್ಪ ಪ್ರಮಾಣದ ಮಂಜಿನ ಕಾಡನ್ನು ಪುನರುಜ್ಜೀವನಗೊಳಿಸುವ ಕಾರ್ಯವನ್ನು ಅಲ್ಲಿ ಕೈಗೊಳ್ಳಲಾಗಿದೆ. ಆ ಪ್ರಯತ್ನದ ಹಿನ್ನೆಲೆ, ಸ್ವರೂಪ ಹಾಗೂ ಸವಾಲುಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿಶ್ಲೇಷಿಸಲಾಗಿದೆ.

ಮಂಜಿನ ಕಾಡು ಎಂದರೇನು?

ಸಾಗರದ ಮೇಲಿಂದ ಬೀಸಿ ಬರುವ ತೇವಭರಿತ ಗಾಳಿಯು ಬೆಟ್ಟವನ್ನು ಏರುವಾಗ ತಣಿದು ಮೋಡವಾಗುತ್ತದೆ. ವರ್ಷದ ಬಹುಭಾಗ ಇಂತಹ ಮೋಡದಿಂದ ಆವೃತವಾಗಿರುವ ಕಾಡಿಗೆ ಮಂಜಿನ ಕಾಡು ಎನ್ನುತ್ತಾರೆ. ಇಲ್ಲಿನ ಎಲೆ, ಕೊಂಬೆ, ಹಾವಸೆ ಹಾಗೂ ಜರೀಗಿಡಗಳು ಮೋಡದಲ್ಲಿನ ಸೂಕ್ಷ್ಮ ಹನಿಗಳನ್ನು ತಡೆದು ನೆಲಕ್ಕೆ ಇಳಿಸುತ್ತವೆ. ಹೀಗೆ ಇಳಿದ ನೀರು ಮಣ್ಣಿನಲ್ಲಿ ಇಂಗಿ ತೊರೆಗಳಿಗೆ ಆಧಾರವಾಗುತ್ತದೆ. ಮಳೆ ಬಾರದ ದಿನವೂ ಕಾಡು ನೀರನ್ನು ಗಳಿಸುವ ವಿಧಾನ ಇದಾಗಿದೆ.

ಸೇಂಟ್ ಹೆಲೆನಾದಲ್ಲಿ ಸುಮಾರು 820 ಮೀಟರ್ ಎತ್ತರದ ಡಯಾನಾ ಶಿಖರ ಮತ್ತು ಅದರ ಅಕ್ಕಪಕ್ಕದ ಬೆಟ್ಟಸಾಲು ಇಂತಹ ಪ್ರದೇಶವಾಗಿದೆ. ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿ 1677ರಲ್ಲಿ ದಕ್ಷಿಣ ಗೋಳದ ನಕ್ಷತ್ರಗಳನ್ನು ಗುರುತಿಸಲು ಈ ದ್ವೀಪಕ್ಕೆ ಬಂದಿದ್ದರು. ಬೆಟ್ಟದ ಮೇಲೆ ದೂರದರ್ಶಕದ ಗಾಜಿನ ಮೇಲೆ ಕೂರುತ್ತಿದ್ದ ಇಬ್ಬನಿಯನ್ನು ಅವರು ಮತ್ತೆ ಮತ್ತೆ ಒರೆಸಬೇಕಾಗುತ್ತಿತ್ತು. ಈ ಅನುಭವವನ್ನು ಆಧರಿಸಿ, ಬೆಟ್ಟದ ನೆತ್ತಿಯಲ್ಲಿ ತಣಿಯುವ ಆವಿಯೇ ಬುಗ್ಗೆಗಳ ಮೂಲವೆಂದು ಅವರು 1691ರಲ್ಲಿ ಪ್ರತಿಪಾದಿಸಿದರು. ನಕ್ಷತ್ರ ವೀಕ್ಷಣೆಗೆ ತೊಡಕಾಗಿದ್ದ ಅದೇ ಮಂಜು ಇಂದು ದ್ವೀಪವಾಸಿಗಳ ಕುಡಿಯುವ ನೀರಿನ ಪ್ರಮುಖ ಮೂಲಗಳಲ್ಲಿ ಒಂದಾಗಿದೆ.

ಅವನತಿಯ ಹಿನ್ನೆಲೆ

ಪೋರ್ಚುಗೀಸ್ ನಾವಿಕರು 1502ರಲ್ಲಿ ದ್ವೀಪವನ್ನು ಕಂಡಾಗ ಅಲ್ಲಿ ಜನವಸತಿ ಇರಲಿಲ್ಲ. ಹಡಗಿನವರಿಗೆ ಆಹಾರವಾಗಲೆಂದು 16ನೇ ಶತಮಾನದ ಆರಂಭದಲ್ಲಿ ಆಡುಗಳನ್ನು ಬಿಡಲಾಯಿತು. 1588ರಲ್ಲಿ ಅಲ್ಲಿಗೆ ಬಂದ ಆಂಗ್ಲ ನಾವಿಕ ಥಾಮಸ್ ಕ್ಯಾವೆಂಡಿಷ್ ಸಾವಿರಾರು ಆಡುಗಳ ಹಿಂಡುಗಳನ್ನು ಕಂಡನು. ಎಳೆಯ ಸಸಿಗಳನ್ನು ಆಡುಗಳು ಮೇಯ್ದವು. ಬೆಳೆದ ಮರಗಳು ಸೌದೆ ಮತ್ತು ನಾಟಾಕ್ಕೆ ಬಲಿಯಾದವು. ಮುದಿ ಮರಗಳು ಉರುಳಿದ ಬಳಿಕ ಅವುಗಳ ಸ್ಥಾನವನ್ನು ತುಂಬಲು ಹೊಸ ಮರಗಳೇ ಇಲ್ಲದಾದವು.

1659ರಿಂದ 1834ರವರೆಗೆ ದ್ವೀಪವು, ಒಂದು ಅಲ್ಪಾವಧಿಯನ್ನು ಹೊರತುಪಡಿಸಿ, ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಒಳಪಟ್ಟಿತ್ತು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕಂಪನಿ ಸೈನ್ಯದೊಡನೆ ಇದ್ದು, ಟಿಪ್ಪು ಸುಲ್ತಾನರೊಡನೆ ನಡೆದ ಆ ಯುದ್ಧದ ಕುರಿತು ಗ್ರಂಥ ರಚಿಸಿದ ಅಲೆಕ್ಸಾಂಡರ್ ಬೀಟ್ಸನ್ 1808ರಿಂದ 1813ರವರೆಗೆ ಇಲ್ಲಿ ಗವರ್ನರ್ ಆಗಿದ್ದರೆಂಬುದು ಕನ್ನಡಿಗರಿಗೆ ಕುತೂಹಲಕರ ಸಂಗತಿ. ಆಡುಗಳಿಂದ ಕಾಡು ನಾಶವಾದ ಬಗೆಯನ್ನು ಅವರು ಬರಹದಲ್ಲಿ ದಾಖಲಿಸಿದರು. 1836ರಲ್ಲಿ ದ್ವೀಪಕ್ಕೆ ಭೇಟಿ ನೀಡಿದ ಚಾರ್ಲ್ಸ್ ಡಾರ್ವಿನ್ ಆ ಬರಹವನ್ನು ಬಳಸಿಕೊಂಡಿದ್ದಾರೆ. ಡಾರ್ವಿನ್ ನೀಡಿದ ಲೆಕ್ಕದಂತೆ ದ್ವೀಪದ 746 ಸಸ್ಯ ಪ್ರಭೇದಗಳಲ್ಲಿ ಅಲ್ಲಿಯವೇ ಆದವು 52 ಮಾತ್ರ.

ಎತ್ತರದ ಕಾಡಿಗೆ ಮತ್ತೊಂದು ಪೆಟ್ಟು ಬಿದ್ದದ್ದು 20ನೇ ಶತಮಾನದಲ್ಲಿ. ನಾರಿಗಾಗಿ ನ್ಯೂಜಿಲೆಂಡ್ ಫ್ಲಾಕ್ಸ್ ಎಂಬ ಕತ್ತಿಯಂತಹ ಉದ್ದೆಲೆಯ ಗಿಡವನ್ನು ವ್ಯಾಪಕವಾಗಿ ಬೆಳೆಸಲಾಯಿತು. ಬ್ರಿಟಿಷ್ ಅಂಚೆ ಇಲಾಖೆಯು ತನ್ನ ಕಟ್ಟುಗಳಿಗೆ ಕೃತಕ ನಾರಿನ ಹುರಿಯನ್ನು ಬಳಸಲು ಆರಂಭಿಸಿದ ನಂತರ ಈ ಉದ್ಯಮವು 1966ರಲ್ಲಿ ನಿಂತುಹೋಯಿತು. ಕಾರ್ಖಾನೆಗಳು ಮುಚ್ಚಿದರೂ ಗಿಡ ಮಾತ್ರ ನಿಲ್ಲಲಿಲ್ಲ. ಅದು ದಟ್ಟವಾಗಿ ಹಬ್ಬಿ, ತನ್ನ ಬುಡದಲ್ಲಿ ಬೇರೇನೂ ಬೆಳೆಯದಂತೆ ಮಾಡುತ್ತಾ ಮೂಲ ಕಾಡನ್ನು ತುಂಡುತುಂಡಾಗಿಸಿದೆ.

ಉಳಿದದ್ದು ಮತ್ತು ಅಳಿದದ್ದು

ಈಗ ಉಳಿದಿರುವ ಮೂಲ ಮಂಜಿನ ಕಾಡು ಸುಮಾರು 16 ಹೆಕ್ಟೇರ್, ಅಂದರೆ ಸುಮಾರು 40 ಎಕರೆ ಮಾತ್ರ. ಇಷ್ಟು ಅಲ್ಪ ಜಾಗದಲ್ಲಿ ಜಗತ್ತಿನ ಬೇರೆಲ್ಲಿಯೂ ಕಾಣದ ಸುಮಾರು 250 ಜೀವಿ ಪ್ರಭೇದಗಳಿವೆಯೆಂದು ಅಂದಾಜಿಸಲಾಗಿದೆ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದರೂ ಮರವಾಗಿ ಬೆಳೆಯುವ ‘ಬ್ಲ್ಯಾಕ್ ಕ್ಯಾಬೇಜ್’, ಮರದೆತ್ತರದ ಜರೀಗಿಡ, ಮೈತುಂಬ ಮುಳ್ಳುಗಳಿರುವ ಹಳದಿ ಬಣ್ಣದ ಪುಟ್ಟ ಕಟ್ಟಿಗೆಹುಳು ಇವುಗಳಲ್ಲಿ ಕೆಲವು. ಜರೀಗಿಡದ ಕಾಂಡದ ಮೇಲೆಯೇ ಇತರ ಮರಗಳ ಬೀಜಗಳು ಮೊಳೆಯುತ್ತವೆ. ಆದ್ದರಿಂದ ಒಂದು ಪ್ರಭೇದ ಕುಗ್ಗಿದರೆ ಅದನ್ನು ಅವಲಂಬಿಸಿದ ಇನ್ನೊಂದೂ ಕುಗ್ಗುತ್ತದೆ.

ವಿಳಂಬದ ಪರಿಣಾಮವೇನೆಂಬುದಕ್ಕೆ ‘ಸೇಂಟ್ ಹೆಲೆನಾ ಆಲಿವ್’ ಮರವೇ ಸಾಕ್ಷಿ. ನಶಿಸಿತೆಂದು ಭಾವಿಸಲಾಗಿದ್ದ ಈ ಪ್ರಭೇದದ ಒಂದೇ ಒಂದು ಮರವನ್ನು ಸ್ಥಳೀಯ ಅರಣ್ಯ ಸಿಬ್ಬಂದಿ ಜಾರ್ಜ್ ಬೆಂಜಮಿನ್ 1977ರಲ್ಲಿ ಪತ್ತೆಹಚ್ಚಿದರು. ತನ್ನದೇ ಪರಾಗದಿಂದ ಅದು ಬೀಜ ಕಟ್ಟುವುದು ಅತಿ ವಿರಳವಾಗಿತ್ತು. ಜೊತೆಗೆ ಶಿಲೀಂಧ್ರ ರೋಗ ತಗುಲಿತು. ಕಾಡಿನಲ್ಲಿದ್ದ ಆ ಮರ 1994ರಲ್ಲಿ ಒಣಗಿತು. ಬೆಳೆಸಿದ್ದ ಕೊನೆಯ ಗಿಡವೂ 2003ರ ಡಿಸೆಂಬರ್‌ನಲ್ಲಿ ಸತ್ತಿತು. ಜನ, ಜ್ಞಾನ, ಆಸಕ್ತಿ ಎಲ್ಲವೂ ಇದ್ದಾಗಲೇ ಒಂದು ಪ್ರಭೇದ ಕಣ್ಣೆದುರಿಗೆ ಅಳಿಯಿತು. ಒಂದೇ ಮರ ಉಳಿದ ಮೇಲೆ ಆರಂಭವಾಗುವ ರಕ್ಷಣೆ ತಡವಾದ ರಕ್ಷಣೆ.

ಪುನಃಸ್ಥಾಪನಾ ಕಾರ್ಯ

1996ರಲ್ಲಿ ಡಯಾನಾ ಶಿಖರ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಅಂದಿನಿಂದ ಸಿಬ್ಬಂದಿಯು ಫ್ಲಾಕ್ಸ್ ಕಿತ್ತು ಸ್ಥಳೀಯ ಸಸಿ ನೆಡುವ ಕೆಲಸವನ್ನು ಮಾಡುತ್ತಾ ಬಂದಿದೆ. ಬ್ರಿಟಿಷ್ ಸರ್ಕಾರದ ಧನಸಹಾಯದೊಂದಿಗೆ 2022ರಲ್ಲಿ ವಿಸ್ತೃತ ಯೋಜನೆಯೊಂದನ್ನು ಆರಂಭಿಸಲಾಯಿತು. ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆಯಾದ ಆರ್.ಎಸ್.ಪಿ.ಬಿ., ದ್ವೀಪದ ಸರ್ಕಾರ ಹಾಗೂ ಸೇಂಟ್ ಹೆಲೆನಾ ನ್ಯಾಷನಲ್ ಟ್ರಸ್ಟ್ ಇದರಲ್ಲಿ ಸಹಭಾಗಿಗಳು. ದ್ವೀಪಕ್ಕೆ ನೀರು ಪೂರೈಸುವ ಸಂಸ್ಥೆಯೂ ಇದರಲ್ಲಿ ಪಾಲ್ಗೊಂಡಿರುವುದು ಗಮನಾರ್ಹ. 2010ರ ದಶಕದಲ್ಲಿ ದ್ವೀಪವು ಒಂದಕ್ಕಿಂತ ಹೆಚ್ಚು ಬಾರಿ ತೀವ್ರ ನೀರಿನ ಅಭಾವವನ್ನು ಎದುರಿಸಿತ್ತು. ಆದಕಾರಣ ಕಾಡಿನ ರಕ್ಷಣೆಯು ನೀರಿನ ಭದ್ರತೆಯ ವಿಷಯವೂ ಆಗಿದೆ.

ಎದುರಾಗಿರುವ ಸವಾಲುಗಳು

1. ಕಳೆ ತೆರವು: ಫ್ಲಾಕ್ಸನ್ನು ಒಮ್ಮೆಗೇ ತೆಗೆದರೆ ಕಡಿದಾದ ಇಳಿಜಾರಿನ ಮಣ್ಣು ಕೊಚ್ಚಿಹೋಗುತ್ತದೆ, ಬಯಲಾದ ನೆಲಕ್ಕೆ ಇತರ ಕಳೆಗಳು ನುಗ್ಗುತ್ತವೆ. ಆದ್ದರಿಂದ ಸ್ವಲ್ಪಸ್ವಲ್ಪವಾಗಿಯೇ ತೆರವುಗೊಳಿಸಿ, ತಕ್ಷಣವೇ ಸಸಿ ನೆಡಬೇಕಾಗುತ್ತದೆ.

2. ಬೀಜ ಸಂಗ್ರಹ: ಕೆಲವೇ ತಾಯಿಮರಗಳಿಂದ ಬೀಜ ಪಡೆದರೆ ಮುಂದಿನ ಪೀಳಿಗೆ ದುರ್ಬಲವಾಗುತ್ತದೆ. ಸಾಧ್ಯವಾದಷ್ಟು ಹೆಚ್ಚು ಮರಗಳಿಂದ ಬೀಜ ಸಂಗ್ರಹಿಸಿ ಸಸಿಮಡಿಯಲ್ಲಿ ಬೆಳೆಸುವುದು ಅನಿವಾರ್ಯ.

3. ರೋಗ: ಫೈಟಾಫ್ಥೊರಾ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿಯು ಇಂತಹ ಕಾಡುಗಳಲ್ಲಿ ಬೇರನ್ನು ಕೊಳೆಸುತ್ತದೆ. ನಮ್ಮ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೂ ಇದೇ ಕುಲದ ಜೀವಿ ಕಾರಣ. ಪಾದರಕ್ಷೆಗೆ ಅಂಟಿದ ಮಣ್ಣಿನಿಂದಲೂ ಇದು ಹರಡಬಲ್ಲದು. ಹೀಗಾಗಿ ಕಾಡನ್ನು ಉಳಿಸಲು ಹೋದವರೇ ರೋಗವನ್ನು ಒಯ್ಯುವ ಅಪಾಯವಿದೆ.

4. ನಿರಂತರತೆ: 2017ರ ಅಕ್ಟೋಬರ್‌ನಲ್ಲಿ ನಿಯಮಿತ ವಿಮಾನ ಸಂಚಾರ ಆರಂಭವಾಗುವವರೆಗೆ ದ್ವೀಪವನ್ನು ತಲುಪಲು ಹಡಗೇ ಗತಿಯಾಗಿತ್ತು. ಇಂದಿಗೂ ಪರಿಣತರು ಹೊರಗಿನಿಂದ ಬಂದು ಹೋಗುವವರೇ ಹೆಚ್ಚು. ಯೋಜನೆಯ ಅವಧಿ ಕೆಲವು ವರ್ಷಗಳದ್ದು. ಮರದ ಬೆಳವಣಿಗೆ ದಶಕಗಳದ್ದು.

ಈ ನಾಲ್ಕರಲ್ಲಿ ಕೊನೆಯದೇ ನಿರ್ಣಾಯಕವಾದುದು. ಉಳಿದ ಮೂರಕ್ಕೂ ವಿಧಾನಗಳಿವೆ. ಆದರೆ ಅವನ್ನು ವರ್ಷ ತಪ್ಪದೆ ಅನುಸರಿಸುವ ಕೈಗಳು ಬೇಕು. ಎರಡು ವರ್ಷ ಕಳೆ ಕೀಳುವುದು ನಿಂತರೆ ಹತ್ತು ವರ್ಷಗಳ ಶ್ರಮ ವ್ಯರ್ಥವಾದೀತು. ಆದ್ದರಿಂದ ಇಂತಹ ಯೋಜನೆಯ ಯಶಸ್ಸನ್ನು ನೆಟ್ಟ ಸಸಿಗಳ ಸಂಖ್ಯೆಯಿಂದಷ್ಟೇ ಅಳೆಯುವುದು ಸಮಂಜಸವಲ್ಲ. ಅನುದಾನ ಮುಗಿದ ನಂತರವೂ ಬೆಟ್ಟವೇರಿ ಕೆಲಸ ಮಾಡುವ ಸ್ಥಳೀಯ ಸಿಬ್ಬಂದಿ ಎಷ್ಟು ಮಂದಿ ಉಳಿದರು ಎಂಬುದೇ ನಿಜವಾದ ಮಾನದಂಡ.

ನಮ್ಮ ನಾಡಿಗೆ ಇದರ ಪ್ರಸ್ತುತತೆ

ಪಶ್ಚಿಮ ಘಟ್ಟಗಳ ಕುದುರೆಮುಖ ಹಾಗೂ ಬಾಬಾಬುಡನ್‌ಗಿರಿಯ ಶೋಲಾ ಕಾಡುಗಳೂ ಮಂಜನ್ನು ಹಿಡಿದು ನೀರನ್ನು ಕಾಯುವ ಕಾಡುಗಳೇ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಕುದುರೆಮುಖ ವಲಯದಲ್ಲಿ ಹುಟ್ಟುತ್ತವೆ. ಅಲಂಕಾರಕ್ಕೆಂದು ತಂದ ಲಂಟಾನ ನಮ್ಮ ಕಾಡುಗಳನ್ನು ಆವರಿಸಿದ ಕಥೆಗೂ ಫ್ಲಾಕ್ಸ್‌ನ ಕಥೆಗೂ ಹೆಚ್ಚಿನ ಅಂತರವಿಲ್ಲ. ನಮ್ಮಲ್ಲಿ ಉಳಿದಿರುವ ಕಾಡು 40 ಎಕರೆಗಿಂತ ಬಹುಪಾಲು ಹೆಚ್ಚಿದೆ ಎಂಬುದೇ ಸಮಾಧಾನದ ಸಂಗತಿ. ಇರುವಾಗಲೇ ಕಾಯುವುದು ಸುಲಭ. ಅಳಿದ ಮೇಲೆ ಕಟ್ಟುವುದು ಎಷ್ಟು ಕಷ್ಟವೆಂಬುದನ್ನು ಆ ದೂರದ ದ್ವೀಪದ ಜನರು ಇಂದು ಬೆಟ್ಟದ ಇಳಿಜಾರಿನಲ್ಲಿ ಒಂದೊಂದೇ ಸಸಿ ನೆಡುತ್ತಾ ತೋರಿಸಿಕೊಡುತ್ತಿದ್ದಾರೆ.