ಸರ್ವರ್‌ಗೆ ಡೆಸ್ಕ್‌ಟಾಪ್ ಬೇಕೇ?

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ನಾನು ಮಾಡಿದ್ದೂ ಅದೇ.

ನಮ್ಮ ಕನ್ನಡ ಸಂಘದ ಲೈಬ್ರರಿಗೆ ಯಾರೋ ಕೊಟ್ಟ ಹಳೇ ಕಂಪ್ಯೂಟರ್ ಇತ್ತು. ಮೆಮೊರಿ ಬರೀ 2 ಜಿಬಿ. 2023ರ ದೀಪಾವಳಿ ರಜೆಯಲ್ಲಿ ಅದಕ್ಕೆ ಡೆಬಿಯನ್ 12 ಲಿನಕ್ಸ್ ಹಾಕಿ, ಪುಸ್ತಕಗಳ ಪಟ್ಟಿ ಇಡುವ ಸರ್ವರ್ ಮಾಡಿದೆ. ನಾನೋ ಬಿಕಾಂ ಓದಿ ಬ್ಯಾಂಕ್ ಸೇರಿದವನು, ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ ಕಂಡರೆ ಭಯ. ಇರಲಿ ಅಂತ ಗ್ನೋಮ್ ಡೆಸ್ಕ್‌ಟಾಪನ್ನೂ ಹಾಕಿಕೊಂಡೆ.

ಮರುದಿನದಿಂದಲೇ ಫೋನು ಶುರು. "ಸಾರ್, ಪಟ್ಟಿ ತೆರೀತಿಲ್ಲ." ಠಾಣೆಯಿಂದ ಲೋಕಲ್ ಹಿಡಿದು ಹೋಗಿ ಕೀಬೋರ್ಡ್ ಮುಟ್ಟಿದರೆ ಎಲ್ಲ ಸರಿ! ಮೂರನೇ ಸಲಕ್ಕೆ ಗುಟ್ಟು ಗೊತ್ತಾಯಿತು. ಸ್ವಲ್ಪ ಹೊತ್ತು ಯಾರೂ ಕೀಬೋರ್ಡ್, ಮೌಸ್ ಮುಟ್ಟದಿದ್ದರೆ ಗ್ನೋಮ್ ಇಡೀ ಯಂತ್ರವನ್ನೇ ಮಲಗಿಸಿಬಿಡುತ್ತೆ. ಪಕ್ಕದ ಕಂಪ್ಯೂಟರಿನಿಂದ ಯಾರೋ ಪುಸ್ತಕ ಹುಡುಕುತ್ತಿರುವುದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಲ್ಯಾಪ್‌ಟಾಪಿಗೆ ಇದು ಒಳ್ಳೆಯ ಗುಣ, ಸರ್ವರ್‌ಗಲ್ಲ.

ಆ ಸೆಟ್ಟಿಂಗ್ ಒಂದನ್ನೇ ಬದಲಾಯಿಸಬಹುದಿತ್ತು, ನಿಜ. ಆದರೆ ಯಾರೂ ನೋಡದ ಪರದೆಗೆ ಇದ್ದ ಮೆಮೊರಿಯಲ್ಲಿ ಹತ್ತಿರ ಹತ್ತಿರ ಅರ್ಧ ಖರ್ಚಾಗುತ್ತಿತ್ತು. ಜೊತೆಗೆ ನೂರಾರು ಪ್ಯಾಕೇಜು, ಅವುಗಳ ಅಪ್‌ಡೇಟು, ಅವುಗಳ ದೋಷ. ಬ್ಯಾಂಕಿನಲ್ಲಿ ಸ್ಟ್ರಾಂಗ್‌ರೂಮಿಗೆ ಕಿಟಕಿ ಇಡುವುದಿಲ್ಲ. ಇಟ್ಟರೆ ಅದನ್ನೂ ಕಾಯಬೇಕಲ್ಲ!

ಮೊದಲು ಡೀಫಾಲ್ಟ್ ಟಾರ್ಗೆಟನ್ನು ಗ್ರಾಫಿಕಲ್‌ನಿಂದ ಮಲ್ಟಿ-ಯೂಸರ್‌ಗೆ ಬದಲಾಯಿಸಿ ರೀಬೂಟ್ ಮಾಡಿದೆ. ಡೆಸ್ಕ್‌ಟಾಪ್ ಡಿಸ್ಕಿನಲ್ಲಿತ್ತು, ಏಳುತ್ತಿರಲಿಲ್ಲ ಅಷ್ಟೆ. ಆರು ತಿಂಗಳಾದ ಮೇಲೆ ಧೈರ್ಯ ಬಂತು, ಪೂರ್ತಿ ತೆಗೆದೇ ಹಾಕಿದೆ. ಈಗ ಏನಿದ್ದರೂ ಎಸ್‌ಎಸ್‌ಎಚ್ ಮೂಲಕವೇ.

ಆದರೆ ನಮ್ಮ ಕಾರ್ಯದರ್ಶಿಗಳು ಒಂದು ಮಾತು ಕೇಳಿದರು. "ನಾಳೆ ನಿಮಗೆ ಟ್ರಾನ್ಸ್‌ಫರ್ ಆದ್ರೆ ಇದನ್ನ ನೋಡೋರು ಯಾರು? ಐಕಾನ್ ಇದ್ರೆ ಯಾರಾದ್ರೂ ಒತ್ತಬಹುದಿತ್ತು."

ನ್ಯಾಯವಾದ ಪ್ರಶ್ನೆ. ರಾತ್ರಿಯೆಲ್ಲ ತಲೆ ತಿಂದಿತು. ಆದರೆ ಯಾವ ಐಕಾನ್ ಯಾವಾಗ ಒತ್ತಬೇಕೆಂದು ಗೊತ್ತಿಲ್ಲದವರಿಗೆ ಐಕಾನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನೂರು ಪುಟದ ನೋಟ್‌ಬುಕ್ ತಂದು, ಬೇಕಾದ ಹನ್ನೊಂದು ಕಮಾಂಡ್‌ಗಳನ್ನು ಬರೆದು, ಪ್ರತಿಯೊಂದರ ಪಕ್ಕ ಕನ್ನಡದಲ್ಲಿ ಅರ್ಥ ಬರೆದಿಟ್ಟೆ. ಕಳೆದ ಯುಗಾದಿಗೆ ನಾನು ಊರಿಗೆ ಹೋಗಿದ್ದಾಗ ಕಾಲೇಜಿನ ಹುಡುಗಿಯೊಬ್ಬಳು ಅದನ್ನು ನೋಡಿಕೊಂಡೇ ಬ್ಯಾಕಪ್ ತೆಗೆದಿದ್ದಳು. ನನಗೆ ಒಂದು ಫೋನೂ ಬರಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೆ. ಕಲಿಯುವಾಗ ಡೆಸ್ಕ್‌ಟಾಪ್ ಇಟ್ಟುಕೊಳ್ಳಿ, ನಾಚಿಕೆ ಬೇಡ. ಕಲಿತ ಮೇಲೆ ತೆಗೆಯಿರಿ. ಮೌಸ್ ಬೇಕೇ ಬೇಕು ಅನ್ನುವವರಿಗೆ ಬ್ರೌಸರಿನಲ್ಲೇ ತೆರೆಯುವ ಕಾಕ್‌ಪಿಟ್ ಇದೆ. ಏನೇ ಮಾಡಿ, ನೋಟ್‌ಬುಕ್ ಮಾತ್ರ ಬರೆದಿಡಿ.

ನೀವೇನಂತೀರಿ?